ಮದುವೆ ಕಾಗದದ ಹಿಂಬದಿ

ನಮ್ಮ ಇಂಗ್ಲಿಷ್ ಟೀಚರ್ ತೀರಿಕೊಂಡದ್ದು ಸೋಮವಾರ. ಮಂಗಳವಾರ ಬೆಳಿಗ್ಗೆಯೊಳಗೆ ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವರು ದೇವತೆಯಾಗಿದ್ದರು. ಒಬ್ಬಳು ತಾಯಿಯಂತಿದ್ದರು ಎಂದು ಬರೆದಳು, ಇನ್ನೊಬ್ಬಳು ದೀಪದಂತಿದ್ದರು ಎಂದಳು. ಮುಂಬೈಯಲ್ಲಿರುವ ಒಬ್ಬಳು ಟೀಚರ್ ಯಾವತ್ತೂ ಯಾರ ಮೈಮುಟ್ಟಿದವರಲ್ಲ ಎಂದು ಬರೆದಳು. ಅವಳ ಜಡೆ ಹಿಡಿದು ಟೀಚರ್ ಬೋರ್ಡಿನವರೆಗೆ ಎಳೆದುಕೊಂಡು ಹೋದದ್ದನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದವಳು.

ಗುಂಪು ನಡೆಸುವವಳು ಗಿರಿಜ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು, ಈಗ ಕಾಪುವಿನಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾಳೆ. ಚರ್ಚಿನಲ್ಲಿ ತಿಂಗಳ ಪೂಜೆ ನಡೆಯುವ ದಿನ ಹಂಚುವುದಕ್ಕೆ ಒಂದು ನೆನಪಿನ ಪುಸ್ತಕ ಮಾಡಬೇಕು, ಎಲ್ಲರೂ ಒಂದೊಂದು ಪುಟ ಬರೆಯಬೇಕು ಎಂದು ಅವಳೇ ತೀರ್ಮಾನಿಸಿದಳು. ನನಗೆ ಮಾತ್ರ ಬೇರೆಯಾಗಿ ಫೋನು ಮಾಡಿದಳು.

"ನೀನು ಬರಿ, ಬೇಡ ಅಂತ ಹೇಳುವುದಿಲ್ಲ. ಆದರೆ ಹಳೇದೆಲ್ಲ ತೆಗೆಯಬೇಡ ಮಾರಾಯ್ತಿ. ಸತ್ತವರು ಅಲ್ವಾ."

ಅವರು ಸತ್ತದ್ದು ಹೌದು, ನಾನು ಸತ್ತಿಲ್ಲವಲ್ಲ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಕಲಿಸಿ ನಾಲ್ಕು ತಿಂಗಳಾಯಿತು. ಐವತ್ತು ವರ್ಷ ಬೀಡಿ ಕಟ್ಟಿದ ಬೆರಳು, ಬೇಗ ಹಿಡಿಯಿತು. ಆದ್ದರಿಂದ ಬರೆಯುತ್ತೇನೆ. ಒಂದು ಪುಟದಲ್ಲಿ ಮುಗಿಯುವ ಸಂಗತಿ ಅಲ್ಲ.

ಅವರು ಕಾಪುವಿನ ನಮ್ಮ ಶಾಲೆಗೆ ಬಂದಾಗ ನಾವು ಎಂಟನೆಯ ತರಗತಿ. ಅವರಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಕಾರ್ಕಳದ ಕಡೆಯವರು, ಮನೆಮಾತು ಕೊಂಕಣಿ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದರೆ ಶನಿವಾರ ಮಧ್ಯಾಹ್ನದವರೆಗೆ ಪೇಟೆಯಲ್ಲೊಂದು ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ಒಂದು ನೆರಿಗೆ ಆಚೀಚೆ ಆಗುವಂತಿಲ್ಲ. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಹತ್ತಿರ ಬಂದರೆ ಮೊದಲು ಲವಂಗದ ಪರಿಮಳ ಬರುತ್ತಿತ್ತು, ಪೆಟ್ಟು ಆಮೇಲೆ. ಸಿಟ್ಟು ಬಂದಾಗ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುವರು. ಕೈ ಬೀಸುವಾಗ ಅದಕ್ಕೆ ಏನೂ ಆಗಬಾರದಲ್ಲ. ವಾಚು ಬಿಚ್ಚಿದರೆಂದರೆ ನಾವೆಲ್ಲ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದೆವು. ಬೈಗುಳವನ್ನು ಕೊಂಕಣಿಯಲ್ಲಿ ತಮ್ಮಷ್ಟಕ್ಕೆ ಹೇಳಿಕೊಳ್ಳುವರು. ನಮ್ಮ ಹತ್ತಿರ ಮಾತಾಡುವ ಕನ್ನಡ ಮಾತ್ರ ಪುಸ್ತಕದಿಂದ ಓದಿದ ಹಾಗೆ, ಒಂದು ಅಕ್ಷರ ನುಂಗುತ್ತಿರಲಿಲ್ಲ.

ಬಂದ ಮೊದಲ ವಾರವೇ ಒಂದು ವಿಚಿತ್ರ ಅಪ್ಪಣೆ ಮಾಡಿದರು. ಮನೆಯಲ್ಲಿರುವ ಮದುವೆ ಕಾಗದಗಳನ್ನೆಲ್ಲ ತರಬೇಕು.

ಜೂನ್ ತಿಂಗಳು. ಮೇ ತಿಂಗಳ ಮದುವೆಗಳೆಲ್ಲ ಆಗಷ್ಟೇ ಮುಗಿದು, ಕರೆಯ ಕಾಗದಗಳು ಎಲ್ಲರ ಮನೆಯಲ್ಲೂ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಕೊಂಡಿದ್ದವು. ಆಗ ಕಾಗದವೆಂದರೆ ಒಂದು ದಪ್ಪ ಹಾಳೆ, ಒಂದು ಬದಿಯಲ್ಲಿ ಮಾತ್ರ ಅಚ್ಚು, ಇನ್ನೊಂದು ಬದಿ ಖಾಲಿ. ಟೀಚರಿಗೆ ಬೇಕಾದದ್ದು ಆ ಖಾಲಿ ಬದಿ. ಮೂಲೆಗೆ ಅರಸಿನ ಹಚ್ಚಿದ ಕಾಗದಕ್ಕೆ ಕತ್ತರಿ ಹಾಕಿದರೆ ಮದುಮಕ್ಕಳಿಗೆ ಒಳ್ಳೆಯದಾಗುವುದಿಲ್ಲ ಎಂದು ನನ್ನ ಅಜ್ಜಿ ಬಿಡಲೇ ಇಲ್ಲ. ನಾನು ಎರಡು ಕಾಗದ ಲಂಗದ ಒಳಗೆ ಅಡಗಿಸಿ ತಂದುಕೊಟ್ಟೆ.

ಟೀಚರ್ ಪ್ರತಿ ಕಾಗದವನ್ನು ನಡುವೆ ಕತ್ತರಿಸಿದರು. ಮದುಮಗಳ ಹೆಸರಿದ್ದ ತುಂಡಿನ ಖಾಲಿ ಬದಿಯಲ್ಲಿ ಒಂದು ಇಂಗ್ಲಿಷ್ ಪದ ಬರೆದರು. ಮದುಮಗನ ಹೆಸರಿದ್ದ ತುಂಡಿನ ಖಾಲಿ ಬದಿಯಲ್ಲಿ ಆ ಪದದ ಅರ್ಥವನ್ನು ಕನ್ನಡದಲ್ಲಿ ಬರೆದರು. ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಎಲ್ಲ ತುಂಬಿಸಿದರು. ನಮ್ಮದು ಹುಡುಗಿಯರದ್ದೇ ತರಗತಿ, ನಲವತ್ತು ಮಂದಿ. ದಿನಕ್ಕೆ ಇಪ್ಪತ್ತು ಜೊತೆ ಚೀಟಿ ಡಬ್ಬಿಯಲ್ಲಿ ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು, ನಾವು ಕಣ್ಣುಮುಚ್ಚಿ ಒಂದೊಂದು ತೆಗೆಯುವುದು. ಪದ ಸಿಕ್ಕಿದವಳು ಎದ್ದು, ತನ್ನ ಅರ್ಥ ಯಾರ ಕೈಯಲ್ಲಿದೆ ಎಂದು ಹುಡುಕಿ ಅವಳ ಪಕ್ಕ ಹೋಗಿ ನಿಲ್ಲಬೇಕು. ಸರಿಯಾಗಿ ಜೋಡಿಯಾದರೆ ಟೀಚರ್ "ಆಯಿತು, ಊಟ ಬಡಿಸಿ" ಎನ್ನುವರು, ಇಬ್ಬರೂ ಕೂರಬಹುದು. ತಪ್ಪಾದರೆ "ಈ ಮದುವೆ ನಿಲ್ಲುವುದಿಲ್ಲ" ಎಂದು ಇಬ್ಬರ ಅಂಗೈಗೂ ಒಂದೊಂದು ಕೊಟ್ಟು, ಗಂಟೆ ಹೊಡೆಯುವವರೆಗೆ ಕೈಕೈ ಹಿಡಿಸಿ ನಿಲ್ಲಿಸುವರು.

ಗಿರಿಜಳ ಸಮಾಧಾನಕ್ಕೆ ಒಂದು ಒಳ್ಳೆಯ ಮಾತು ಇಲ್ಲೇ ಬರೆದುಬಿಡುತ್ತೇನೆ. ಉಳಿದ ಟೀಚರುಗಳೆಲ್ಲ ಬೋರ್ಡಿನಲ್ಲಿ ಬರೆದು, ಬರೆದುಕೊಳ್ಳಿ ಎಂದು ಹೇಳಿ ಸ್ವೆಟರ್ ಹೆಣೆಯುತ್ತಿದ್ದ ಕಾಲ. ಇವರ ತರಗತಿಯಲ್ಲಿ ಮಾತ್ರ ನಾವು ಎದ್ದು ಓಡಾಡಬಹುದಿತ್ತು, ನಗಬಹುದಿತ್ತು. ಇಂಗ್ಲಿಷಿನ ಪೀರಿಯಡ್ ಎಂದರೆ ನನಗೆ ಇಷ್ಟವೇ ಇತ್ತು. ಆಗ ಇಷ್ಟವಾಗದಿದ್ದರೆ ಈಗ ಇಷ್ಟು ಉರಿಯುತ್ತಲೂ ಇರಲಿಲ್ಲ.

ತಿಂಗಳೊಂದು ಕಳೆಯುವುದರೊಳಗೆ ನನಗೆ ಅದರ ಗುಟ್ಟು ಸಿಕ್ಕಿತು. ಒಂದು ದಿನ ನನಗೆ ಪೇಶನ್ಸ್ ಎಂಬ ಚೀಟಿ ಬಂತು. ಅರ್ಥ ಗೊತ್ತಿಲ್ಲ. ಚೀಟಿ ತಿರುಗಿಸಿದೆ. ತಿಳಿ ಹಳದಿ ಕಾಗದ, ಕೆಂಪು ಶಾಯಿ, ವಾರಿಜಾ ಎಂದು ಮದುಮಗಳ ಹೆಸರು. ತಲೆ ಎತ್ತಿ ನೋಡಿದರೆ ಕಿಟಕಿಯ ಹತ್ತಿರ ಒಬ್ಬಳ ಕೈಯಲ್ಲಿ ಅದೇ ಹಳದಿ ಕಾಗದ, ಅದೇ ಕೆಂಪು ಶಾಯಿ. ಹೋಗಿ ಅವಳ ಪಕ್ಕ ನಿಂತೆ. ಅವಳ ಚೀಟಿಯ ಇನ್ನೊಂದು ಬದಿಯಲ್ಲಿ ತಾಳ್ಮೆ ಎಂದಿತ್ತು. ಟೀಚರ್ ಊಟ ಬಡಿಸಿ ಎಂದರು.

ಆಮೇಲೆ ನಾನು ಪದ ಬರೆದ ಮುಂದಿನ ಬದಿ ನೋಡಲೇ ಇಲ್ಲ. ಗುಲಾಬಿ ಗುಲಾಬಿಗೆ, ಬಂಗಾರದ ಅಂಚು ಬಂಗಾರದ ಅಂಚಿಗೆ, ಉಂಗುರದ ಚಿತ್ರ ಉಂಗುರಕ್ಕೆ. ಗುಟ್ಟನ್ನು ಗಿರಿಜಳಿಗೆ ಹೇಳಿದೆ, ಅವಳು ಮುಂದಿನ ಬೆಂಚಿಗೆ ಹೇಳಿದಳು, ಗಣೇಶ ಚೌತಿಯೊಳಗೆ ಇಡೀ ತರಗತಿಗೆ ಗೊತ್ತಾಯಿತು. ಇಪ್ಪತ್ತು ಜೋಡಿಯೂ ನಾಲ್ಕೇ ನಿಮಿಷದಲ್ಲಿ ಮುಗಿಯತೊಡಗಿತು. ಟೀಚರ್ ಹಿಗ್ಗಿದರು. ಹೆಡ್‌ಮಾಸ್ತರರನ್ನು ಕರೆದು ತೋರಿಸಿದರು. ಬೇರೆ ಟೀಚರುಗಳು ಬಾಗಿಲಲ್ಲಿ ನಿಂತು ನೋಡಿದರು. ಇವರು ಮೂಗು ಸ್ವಲ್ಪ ಎತ್ತಿ, ಬೆರಳ ತುದಿಯ ಸೀಮೆಸುಣ್ಣದ ಹುಡಿಯನ್ನು ಉಫ್ ಎಂದು ಊದಿ, ಇದೊಂದು ಕ್ರಮ, ಯಾರೂ ಮಾಡಬಹುದು ಎಂದು ಹೇಳುವರು. ಆ ಊದುವಿಕೆಯಲ್ಲಿ ಬಹಳ ಅಹಂಕಾರ ಇತ್ತು. ನಾವೂ ಅವರ ಜೊತೆ ಹಿಗ್ಗಿದೆವು, ಅದು ಸುಳ್ಳಲ್ಲ.

ನವೆಂಬರಿನಲ್ಲಿ ಶಾಲೆಗಳ ಇನ್‌ಸ್ಪೆಕ್ಟರರು ಬಂದರು. ನಾಲ್ಕು ನಿಮಿಷದ ಆಟ ನೋಡಿ ತಲೆದೂಗಿದರು. ಆಮೇಲೆ ಚೀಟಿಗಳನ್ನೆಲ್ಲ ಡಬ್ಬಿಗೆ ಹಾಕಿಸಿ, ಮುಚ್ಚಳ ಮುಚ್ಚಿ, ಅದೇ ಪದಗಳನ್ನು ಬಾಯಲ್ಲಿ ಕೇಳಲು ಸುರುಮಾಡಿದರು. ಹಾರ್ವೆಸ್ಟ್ ಎಂದರೇನು? ಯಾರ ಬಾಯಿಯೂ ತೆರೆಯಲಿಲ್ಲ. ಶೆಲ್ಟರ್? ಇಲ್ಲ. ಅವರು ಮುಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಎಬ್ಬಿಸಿ, ಈಗಷ್ಟೇ ನಿನ್ನ ಕೈಯಲ್ಲೇ ಇತ್ತಲ್ಲ, ಹಾರ್ವೆಸ್ಟ್ ಎಂದರೆ ಏನು ಹೇಳು ಎಂದರು. ಅವಳು ಪಾಪ, ಗೊತ್ತಿದ್ದದ್ದನ್ನು ಹೇಳಿದಳು.

"ಎರ್ಮಾಳಿನ ಶೀನಣ್ಣನ ಮಗಳು, ಸರ್."

ಅವಳಿಗೆ ಬಂದಿದ್ದ ಚೀಟಿಯ ಹಿಂಬದಿಯಲ್ಲಿ ಇದ್ದದ್ದು ಆ ಮದುಮಗಳ ಹೆಸರೇ. ಇನ್‌ಸ್ಪೆಕ್ಟರರು ಡಬ್ಬಿ ತೆರೆದು ಒಂದು ಚೀಟಿ ತಿರುಗಿಸಿ ನೋಡಿದರು, ಇನ್ನೊಂದು ತಿರುಗಿಸಿದರು, ನಕ್ಕರು. ಆ ನಗೆಯನ್ನು ಟೀಚರ್ ನಿಂತಲ್ಲೇ ನಿಂತು ಕೇಳಿದರು. ಮುಖ ಕೆಂಪಾಗಿ ಆಮೇಲೆ ಬಿಳಿಯಾಯಿತು. ಇನ್‌ಸ್ಪೆಕ್ಟರರು ಹೋದ ಮೇಲೆ ವಾಚು ಬಿಚ್ಚಿದರು. ಮೊದಲು ಯಾರು ಸುರುಮಾಡಿದ್ದು ಎಂದು ಕೇಳಿದಾಗ ನನ್ನ ಪಕ್ಕದಲ್ಲಿದ್ದ ಗಿರಿಜ ನನ್ನ ಕಡೆಗೆ ಕೈ ತೋರಿಸಿದಳು. ಈ ವಿಷಯ ಪುಸ್ತಕದಲ್ಲಿ ಬರಬಾರದೆಂದೇ ಅವಳು ನನಗೆ ಬೇರೆಯಾಗಿ ಫೋನು ಮಾಡಿದ್ದು.

ಪೆಟ್ಟು ತಿಂದದ್ದು ಮರೆತಿದ್ದೇನೆ. ಮಾರನೆಯ ದಿನ ಅಮ್ಮನನ್ನು ಶಾಲೆಗೆ ಕರೆಸಿದ್ದನ್ನು ಮರೆತಿಲ್ಲ. ಅಮ್ಮ ಬೀಡಿ ಎಲೆಯ ಗೆರಸೆಯನ್ನು ಪಕ್ಕದ ಮನೆಯಲ್ಲಿಟ್ಟು, ಸೆರಗಿನಿಂದ ತಂಬಾಕಿನ ಹುಡಿ ಕೊಡವಿಕೊಂಡು ಬಂದಳು. ನನ್ನನ್ನು ಹತ್ತನೆಯವರೆಗೆ ಓದಿಸಬೇಕು, ಗೆರಸೆ ತನ್ನ ಮಡಿಲಿನಿಂದ ಮಗಳ ಮಡಿಲಿಗೆ ಬರಬಾರದು ಎಂಬುದು ಅವಳ ಒಂದೇ ಹಟ. ಟೀಚರ್ ಅವಳಿಗೆ ಕೂರಲು ಹೇಳಲಿಲ್ಲ.

"ಇವಳದ್ದು ಹಿಂಬದಿಯ ಬುದ್ಧಿ. ಮುಂದೆ ಬರೆದಿರುವುದನ್ನು ಓದುವವಳಲ್ಲ. ಓದಿಗೆ ಹಾಕಿ ಪ್ರಯೋಜನ ಇಲ್ಲ. ಬೀಡಿಗೆ ಆದೀತು."

ನಾನು ಇನ್ನು ಹಾಗೆ ಮಾಡುವುದಿಲ್ಲ, ಎಲ್ಲ ಬಾಯಿಪಾಠ ಮಾಡುತ್ತೇನೆ ಎಂದು ಅತ್ತೆ. ಟೀಚರ್ ಅಮ್ಮನ ಕಡೆಗೇ ನೋಡುತ್ತಿದ್ದರು. ಅಮ್ಮ ಸಹಿ ಹಾಕಲು ಬಾರದವಳು. ಓದಿದ ಟೀಚರ್ ಹೇಳಿದ ಮೇಲೆ ಅದರ ಮೇಲೆ ಇನ್ನೊಂದು ಮಾತು ಉಂಟೆಂದು ಅವಳಿಗೆ ತಿಳಿದಿರಲಿಲ್ಲ. ಎಂಟನೆಯ ಪರೀಕ್ಷೆ ಮುಗಿದ ಮಾರನೆಯ ದಿನ ಗೆರಸೆ ನನ್ನ ಮಡಿಲಿಗೆ ಬಂತು. ಆಮೇಲೆ ಕಟಪಾಡಿಗೆ ಮದುವೆಯಾಗಿ ಬಂದಾಗ ಗೆರಸೆಯೂ ಜೊತೆಗೆ ಬಂತು. ನನ್ನ ಮಕ್ಕಳು ಶಾಲೆಯಲ್ಲಿ ಒಳ್ಳೆಯ ಮಾರ್ಕು ತಂದಾಗಲೆಲ್ಲ ಅಮ್ಮ ಆಶ್ಚರ್ಯದಿಂದ ಮಕ್ಕಳ ಅಪ್ಪನ ಮುಖ ನೋಡುತ್ತಿದ್ದಳು. ನನ್ನ ಕಡೆಯಿಂದ ಬಂದದ್ದಾಗಿರಲಿಕ್ಕಿಲ್ಲ, ಟೀಚರೇ ಹೇಳಿದ್ದಾರಲ್ಲ. ಹಾಗೆಯೇ ನಂಬಿಕೊಂಡು ಹೋದಳು.

ಕಳೆದ ವರ್ಷ ಅವಳು ತೀರಿಕೊಂಡ ಮೇಲೆ, ಬೊಜ್ಜದ ಊಟ ಬಡಿಸಿದ ದಿನವೇ ನಾನು ನಿಶ್ಚಯ ಮಾಡಿದೆ. ಆ ಟೀಚರ್ ಎಲ್ಲಿದ್ದರೂ ಹುಡುಕಿ, ತಾವು ಹೇಳಿದ್ದು ತಪ್ಪು ಎಂದು ಅವರ ಬಾಯಿಂದಲೇ ಹೇಳಿಸಬೇಕು. ಅಮ್ಮನ ಕಿವಿಗೆ ಮುಟ್ಟದಿದ್ದರೂ ನನ್ನ ಕಿವಿಗೆ ಮುಟ್ಟಬೇಕು.

ಆದರೆ ಬರಿಗೈಯಲ್ಲಿ ಹೋಗುವುದು ಹೇಗೆ? ಮುಂದೆ ಬರೆದಿರುವುದನ್ನು ಓದಬಲ್ಲೆ ಎಂದು ತೋರಿಸದೆ ಜಗಳಕ್ಕೆ ಹೋದರೆ ಅವರು ಉಫ್ ಎಂದು ಊದಿಬಿಟ್ಟಾರು. ಆಗ ಮೊಮ್ಮಗಳು ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಎಡಗಡೆ ಇಂಗ್ಲಿಷ್ ಪದಗಳು, ಬಲಗಡೆ ಅರ್ಥಗಳು. ಬೆರಳಿನಿಂದ ಗೆರೆ ಎಳೆದು ಜೋಡಿಸಬೇಕು. ಸರಿಯಾದರೆ ಟಿಂಗ್ ಎನ್ನುತ್ತದೆ, ತಪ್ಪಾದರೆ ನಡುಗುತ್ತದೆ. ಫೋನನ್ನು ತಿರುಗಿಸಿ ತಿರುಗಿಸಿ ನೋಡಿದೆ, ಅದಕ್ಕೆ ಹಿಂಬದಿಯಲ್ಲಿ ಏನೂ ಇಲ್ಲ. ಅರ್ಥವನ್ನೇ ಕಲಿಯಬೇಕಾಯಿತು. ಮಧ್ಯಾಹ್ನ ಊಟದ ಮೇಲೆ ಚಾವಡಿಯಲ್ಲಿ ಕೂತು ದಿನಕ್ಕೆ ಹತ್ತು ಪದ ಕಲಿತೆ. ಸೊಸೆ ಬಟ್ಟೆ ಮಡಚುತ್ತಾ, ಅತ್ತೆ ನೀವು ಯಾವ ಪರೀಕ್ಷೆಗೆ ಕೂತುಕೊಳ್ಳುವುದು ಎಂದು ಕೇಳಿದಳು. ಕೂರುವ ಪರೀಕ್ಷೆ ಅಲ್ಲ ಮಗಾ, ಕೂರಿಸುವ ಪರೀಕ್ಷೆ ಎಂದೆ.

ಆರು ತಿಂಗಳಾಗುವಾಗ ಗುಂಪಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಟೀಚರ ಮಗಳು ಲವೀನಾ ಮಣಿಪಾಲದಿಂದ ಕಳಿಸಿದ್ದು. ಅಮ್ಮ ಈಗ ತನ್ನ ಜೊತೆ ಇದ್ದಾರೆ, ಸ್ಟ್ರೋಕ್ ಆಗಿ ಮಾತು ಕಳೆದುಕೊಂಡಿದ್ದಾರೆ, ಹಳೆಯ ವಿದ್ಯಾರ್ಥಿಗಳು ಬಂದು ಮಾತಾಡಿಸಿದರೆ ಅಮ್ಮನಿಗೆ ಒಳ್ಳೆಯದಾದೀತು ಎಂದು ಡಾಕ್ಟರ್ ಹೇಳಿದ್ದಾರೆ. ಗುಂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ನಾನು ಬುಧವಾರ ಕಟಪಾಡಿಯಲ್ಲಿ ಬಸ್ಸು ಹತ್ತಿದೆ.

ಎರಡನೇ ಮಹಡಿಯ ಫ್ಲಾಟು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಟೀಚರ್ ಇದ್ದರು. ಕೂದಲು ಬೆಳ್ಳಗಾಗಿತ್ತು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಆದರೆ ನೈಟಿಗೂ ಇಸ್ತ್ರಿ ಹಾಕಿತ್ತು, ವಾಚು ಕಟ್ಟಿಕೊಂಡಿದ್ದರು. ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ವಾಕ್ಯವನ್ನು ನಾನು ಎದುರು ನಿಂತು ಒಪ್ಪಿಸಿದೆ.

"ಟೀಚರ್, ಐ ಹ್ಯಾವ್ ಕಮ್ ಫಾರ್ ರಿವೆಂಜ್."

"ಹೌದು ಹೌದು," ಎಂದರು ಟೀಚರ್.

ಅವರಿಗೆ ಉಳಿದಿದ್ದದ್ದು ಆ ಒಂದೇ ಮಾತು. ನೀರು ಬೇಕಾ ಎಂದರೆ ಹೌದು ಹೌದು, ಬೇಡವಾ ಎಂದರೂ ಹೌದು ಹೌದು. ಕಿವಿ ಕೇಳುತ್ತಿತ್ತು, ಕಣ್ಣು ಚುರುಕಾಗಿತ್ತು, ಪದಗಳು ಮಾತ್ರ ಎಲ್ಲಿ ಹೋಗಿದ್ದವೋ ಗೊತ್ತಿಲ್ಲ. ನನಗೆ ಎಷ್ಟು ನಿರಾಸೆಯಾಯಿತೆಂದರೆ, ಲವೀನಾ ಕೊಟ್ಟ ಚಾ ಕೂಡ ರುಚಿಸಲಿಲ್ಲ. ಸೇಡು ತೀರಿಸಿಕೊಳ್ಳಬೇಕಾದರೆ ಎದುರಿಗಿದ್ದವರು ಸ್ವಲ್ಪ ಗಟ್ಟಿ ಇರಬೇಕು. ಇವರನ್ನು ಬೈದರೆ ಬೈದವಳಿಗೇ ನಾಚಿಕೆ.

ಮಾತು ಕಲಿಸುವ ಡಾಕ್ಟರಮ್ಮ ಬಿಳಿಯ ಕಾರ್ಡುಗಳನ್ನು ಕೊಟ್ಟಿದ್ದಳಂತೆ. ಒಂದರಲ್ಲಿ ಇಂಗ್ಲಿಷ್ ಪದ, ಒಂದರಲ್ಲಿ ಕನ್ನಡದ ಅರ್ಥ, ಜೋಡಿಸಬೇಕು. ಜೀವಮಾನವಿಡೀ ಅದನ್ನೇ ಮಾಡಿಸಿದ ಟೀಚರಿಗೆ ಈಗ ಒಂದೂ ಸರಿಬರುತ್ತಿರಲಿಲ್ಲ. ಎರಡು ಕಾರ್ಡು ನೋಡಿ ಮೂರನೆಯದನ್ನು ಎಡಗೈಯಿಂದ ನೆಲಕ್ಕೆ ಎಸೆಯುತ್ತಿದ್ದರು. ಲವೀನಾ ಅವನ್ನು ಹೆಕ್ಕುತ್ತಾ, ಅಮ್ಮ ಇನ್ನು ಯಾವತ್ತೂ ಓದುವುದಿಲ್ಲವೋ ಏನೋ ಆಂಟಿ ಎಂದಳು. ಅವಳ ಕಣ್ಣಲ್ಲಿ ನೀರು. ನನ್ನ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಹುಟ್ಟಿತು.

ಮನೆಗೆ ಬಂದು ಟ್ರಂಕು ತೆಗೆದೆ. ಅಜ್ಜಿಯ ಮಾತು ಬಾಯಲ್ಲಿ ಉಳಿಯದಿದ್ದರೂ ಕೈಯಲ್ಲಿ ಉಳಿದಿತ್ತು, ಇಷ್ಟು ವರ್ಷ ಬಂದ ಮದುವೆ ಕಾಗದ ಒಂದನ್ನೂ ನಾನು ಬಿಸಾಡಿದವಳಲ್ಲ. ಹತ್ತು ಹಳೆಯ ಕಾಗದ ಆರಿಸಿ, ಟೀಚರ್ ಕತ್ತರಿಸಿದ ಹಾಗೆಯೇ ಕತ್ತರಿಸಿದೆ. ಮದುಮಗಳ ತುಂಡಿನಲ್ಲಿ ಪದ, ಮದುಮಗನ ತುಂಡಿನಲ್ಲಿ ಅರ್ಥ. ನನ್ನ ಇಂಗ್ಲಿಷ್ ಅಕ್ಷರ ಸೊಟ್ಟ, ಮೊಮ್ಮಗಳು ತಿದ್ದಿದಳು. ನೋಡಿ ನೆನಪಾಗಲಿ, ಮಾಡಿದ್ದು ಚುಚ್ಚಲಿ ಎಂಬುದೇ ನನ್ನ ಉದ್ದೇಶ. ಅವರಿಗೆ ಓದು ಬರಲಿ ಎಂದು ನಾನು ಕತ್ತರಿ ಹಿಡಿದದ್ದಲ್ಲ, ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ.

ಮುಂದಿನ ಬುಧವಾರ ಚೀಟಿಗಳನ್ನು ಅವರೆದುರಿನ ಮೇಜಿನಲ್ಲಿ ಹರಡಿದೆ. ಟೀಚರ್ ಬಹಳ ಹೊತ್ತು ನೋಡಿದರು. ಒಂದನ್ನು ಎತ್ತಿ ಮೂಗಿಗೆ ಹಿಡಿದರು, ಅರಸಿನದ ವಾಸನೆ ಉಂಟೋ ಎಂದೋ ಏನೋ. ಆಮೇಲೆ ಎಡಗೈ ಕೆಲಸಕ್ಕೆ ಸುರುಮಾಡಿತು. ಒಂದು ಜೋಡಿ ಸರಿ, ಎರಡು ಸರಿ, ಐದು ಸರಿ. ಲವೀನಾ ಅಡುಗೆಮನೆಯಿಂದ ಓಡಿಬಂದು ಫೋನಿನಲ್ಲಿ ವಿಡಿಯೋ ಹಿಡಿದಳು. ಹತ್ತಕ್ಕೆ ಹತ್ತು. ಅವಳು ತಾಯಿಯನ್ನು ಅಪ್ಪಿ ಅತ್ತಳು, ನನ್ನನ್ನು ಅಪ್ಪಿ ಅತ್ತಳು, ವಿಡಿಯೋವನ್ನು ಕುವೈತಿನಲ್ಲಿರುವ ತಮ್ಮನಿಗೆ ಕಳಿಸಿದಳು.

ನಾನು ಟೀಚರ ಪಕ್ಕದಲ್ಲೇ ಕೂತಿದ್ದೆ. ಅವರ ಹೆಬ್ಬೆರಳು ಪ್ರತಿ ಚೀಟಿಯ ಅಂಚನ್ನು ಅಕ್ಕಿಕಾಳಿನಷ್ಟು ಎತ್ತಿ ಹಿಂಬದಿ ನೋಡುತ್ತಿದ್ದುದು ಲವೀನಾಳಿಗೆ ಕಾಣಲಿಲ್ಲ, ನನಗೆ ಕಂಡಿತು. ಗುಲಾಬಿ ಗುಲಾಬಿಗೆ. ಬಂಗಾರದ ಅಂಚು ಬಂಗಾರದ ಅಂಚಿಗೆ. ನನಗೆ ಕಂಡಿತೆಂದು ಅವರಿಗೂ ಕಂಡಿತು. ತಿರುಗಿ ನನ್ನ ಮುಖ ನೋಡಿದರು. ಹದಿಮೂರು ವರ್ಷದ ಹುಡುಗಿ ಸಿಕ್ಕಿಬಿದ್ದಾಗ ನೋಡುತ್ತಾಳಲ್ಲ, ಹಾಗೆ.

ಲವೀನಾಳಿಗೆ ಹೇಳಿಬಿಡುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದ್ದರೆ ಟೀಚರ ಮಾನ ಮಗಳ ಎದುರೇ ಹೋಗುತ್ತಿತ್ತು, ನಾವು ಸರಿಸಮ ಆಗುತ್ತಿದ್ದೆವು. ಆದರೆ ಅಷ್ಟು ಸುಲಭದಲ್ಲಿ ಮುಗಿಸುವುದಕ್ಕೆ ನಾನು ಐವತ್ತು ವರ್ಷ ಕಾದವಳಲ್ಲ. ಚೀಟಿಗಳನ್ನು ಒಟ್ಟುಮಾಡಿ ಚೀಲಕ್ಕೆ ಹಾಕಿದೆ, ಮುಂದಿನ ವಾರ ಬರುತ್ತೇನೆ ಟೀಚರ್ ಎಂದೆ. ಹೌದು ಹೌದು ಎಂದರು, ಸಣ್ಣ ಸ್ವರದಲ್ಲಿ.

ಮರುದಿನ ಮಧ್ಯಾಹ್ನ ಕೂತು ಹೊಸ ಚೀಟಿ ಮಾಡಿದೆ. ಈ ಸಲ ಗುಲಾಬಿ ಕಾಗದದ ಮದುಮಗಳಿಗೆ ಬರೆದ ಪದದ ಅರ್ಥವನ್ನು ಹಳದಿ ಕಾಗದದ ಮದುಮಗನ ಹಿಂದೆ ಬರೆದೆ. ಹಳದಿಯದ್ದನ್ನು ಬಂಗಾರದ ಅಂಚಿನವನ ಹಿಂದೆ. ಹತ್ತು ಮದುವೆಯನ್ನೂ ಅದಲುಬದಲು ಮಾಡಿದೆ. ಹಿಂಬದಿ ನೋಡಿ ಜೋಡಿಸಿದರೆ ಹತ್ತಕ್ಕೆ ಹತ್ತೂ ತಪ್ಪಬೇಕು. ಟೀವಿಯ ಧಾರಾವಾಹಿ ಒಂದು ಮುಗಿಯುವುದರೊಳಗೆ ಕೆಲಸ ಆಗಿತ್ತು.

ಬುಧವಾರ ಲವೀನಾ ಮೊದಲೇ ಫೋನು ಹಿಡಿದು ನಿಂತಿದ್ದಳು. ಟೀಚರ್ ಹೆಬ್ಬೆರಳಿನಿಂದ ಅಂಚು ಎತ್ತಿ ಎತ್ತಿ ನೋಡಿ, ಸರಸರನೆ ಹತ್ತು ಜೋಡಿ ಮಾಡಿ, ಬೆನ್ನು ಒರಗಿಸಿ ಕೂತರು. ಲವೀನಾ ಬಗ್ಗಿ ಓದಿದಳು. ಅವಳ ಮುಖ ಇಳಿಯಿತು. ಫೋನು ಕಿಸೆಗೆ ಹಾಕಿ ಬಾಲ್ಕನಿಯ ಕಡೆಗೆ ಹೋದಳು. ಟೀಚರ್ ಮಗಳ ಬೆನ್ನು ನೋಡಿದರು, ಚೀಟಿ ನೋಡಿದರು, ಕೊನೆಗೆ ನನ್ನನ್ನು. ನಾನು ಕಾಲಮೇಲೆ ಕಾಲು ಹಾಕಿ ಕೂತಿದ್ದೆ. ಅಂಥ ಸುಖವನ್ನು ನಾನು ಮಕ್ಕಳ ಮದುವೆಯಲ್ಲೂ ಅನುಭವಿಸಿರಲಿಲ್ಲ.

ಅವರು ಕಾರ್ಡುಗಳನ್ನು ಎಸೆದ ಹಾಗೆ ಇವನ್ನೂ ಎಸೆಯುತ್ತಾರೆಂದು ಕಾದೆ. ಎಸೆಯಲಿಲ್ಲ. ಎಲ್ಲ ಜೋಡಿಗಳನ್ನು ಎಡಗೈಯಿಂದ ಕಲಸಿದರು. ಒಂದು ಚೀಟಿ ಎತ್ತಿ ಕಣ್ಣಿನ ಹತ್ತಿರ ಹಿಡಿದು, ಮುಂದಿನ ಬದಿಯನ್ನೇ ನೋಡತೊಡಗಿದರು. ತುಟಿ ಅಲುಗುತ್ತಿತ್ತು. ಹಣೆಯಲ್ಲಿ ಬೆವರು ಬಂತು. ಒಂದು ಗಂಟೆಯಾಯಿತು. ಕೊನೆಗೆ ಮೂರು ಜೋಡಿ ಸರಿಯಾಗಿ ಬಂದಿತ್ತು. ಏಳು ತಪ್ಪು, ಮೂರು ಸರಿ. ಸ್ಟ್ರೋಕ್ ಆದ ಮೇಲೆ ಅವರು ನಿಜವಾಗಿ ಓದಿದ ಮೊದಲ ಮೂರು ಪದ.

ನನ್ನ ಸುಖ ಅಲ್ಲಿಗೆ ಮುಗಿಯಿತು. ಮೂರು ಜೋಡಿ ನೋಡುತ್ತಾ ನೋಡುತ್ತಾ ಎಂಥ ಸಿಟ್ಟು ಬಂತೆಂದರೆ, ಇಷ್ಟು ವರ್ಷದ್ದು ಅದರ ಎದುರು ಏನೂ ಅಲ್ಲ. ಅವತ್ತು ಮಾಡಬೇಕಾದದ್ದು ಇಷ್ಟೇ ಆಗಿತ್ತಲ್ಲ. ಕುರ್ಚಿಯನ್ನು ಅವರ ಮುಖದ ಹತ್ತಿರ ಎಳೆದುಕೊಂಡೆ.

"ಟೀಚರ್, ನೋಡಿ ಇಲ್ಲಿ. ನಾನು ಮಾಡಿದ್ದು ಎಂತ? ಕಾಗದ ಅದಲುಬದಲು ಮಾಡಿದೆ, ಅಷ್ಟೇ. ಎಂಟನೇ ಕ್ಲಾಸಿನವರೆಗೆ ಓದಿದವಳಿಗೆ ಇದು ತಲೆಗೆ ಹೋಯ್ತು. ಅವತ್ತು ಕತ್ತರಿ ನಿಮ್ಮ ಕೈಯಲ್ಲಿ ಇತ್ತಲ್ಲ? ಹೊಸ ಚೀಟಿ ಮಾಡಿದ್ದರೆ ನಾನೂ ಮುಂದೆ ನೋಡಿ ಓದುತ್ತಿದ್ದೆ. ಅಮ್ಮನ ಹತ್ತಿರ ನೀವು ಹೇಳಿದ್ದು ತಪ್ಪು. ತಪ್ಪು ಹೌದಾ ಅಲ್ವಾ?"

ಎಲ್ಲದಕ್ಕೂ ಹೌದು ಹೌದು ಎನ್ನುವ ಬಾಯಿ. ಊಟಕ್ಕೂ ಹೌದು, ಉಪವಾಸಕ್ಕೂ ಹೌದು. ಆ ಒಂದು ಪ್ರಶ್ನೆಗೆ ಮಾತ್ರ ಅದು ಮುಚ್ಚಿಕೊಂಡಿತು. ತುಟಿಯನ್ನು ಒಳಗೆ ಎಳೆದು, ಹಲ್ಲಿನಲ್ಲಿ ಹಿಡಿದು ಕೂತರು. ನನ್ನನ್ನು ನೆಟ್ಟಗೆ ನೋಡುತ್ತಿದ್ದರು. ಇನ್ನೊಮ್ಮೆ ಕೇಳಿದೆ. ಇಲ್ಲ. ಪ್ರಶ್ನೆ ಅರ್ಥವಾಗಿದೆಯೆಂದು, ಉತ್ತರ ಗೊತ್ತಿದೆಯೆಂದು, ಕೊಡುವುದಿಲ್ಲವೆಂದು ಮೂರೂ ನನಗೆ ಒಟ್ಟಿಗೆ ತಿಳಿಯಿತು. ಹಟಮಾರಿ. ಹೌದು ಎಂದು ಸುಮ್ಮನೆ ಹೇಳಿದ್ದರೆ ನಾನು ಅದನ್ನು ತೆಗೆದುಕೊಂಡು ಹೋಗುತ್ತಿದ್ದೆ, ಪೂರ್ತಿ ನಂಬದಿದ್ದರೂ. ಅಷ್ಟು ಕೂಡ ಕೊಡಲಿಲ್ಲ.

"ಆಯ್ತು," ಎಂದೆ. "ಹತ್ತಕ್ಕೆ ಹತ್ತು ಬರುವ ದಿನ ಇನ್ನೊಮ್ಮೆ ಕೇಳುತ್ತೇನೆ. ಅವತ್ತು ಬಾಯಲ್ಲಿ ಬೇರೆ ಪದ ಎಲ್ಲ ಇರುತ್ತದೆ. ಬಾಯಿ ಮುಚ್ಚಿ ಕೂರುವ ಹಾಗಿಲ್ಲ."

ಅಂದಿನಿಂದ ಪ್ರತಿ ಬುಧವಾರ ಹೋದೆ. ಪ್ರತಿ ವಾರ ಹೊಸ ಚೀಟಿ, ಒಂದರ ಹಿಂಬದಿಯೂ ಇನ್ನೊಂದಕ್ಕೆ ಸೇರುವಂತಿಲ್ಲ. ಟೀಚರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಚೀಲಕ್ಕೆ ಕೈಹಾಕಿದ ಕೂಡಲೇ ಎಡಗೈಯನ್ನೂ ಹಲ್ಲನ್ನೂ ಸೇರಿಸಿ ವಾಚು ಬಿಚ್ಚಿ ಮೇಜಿನ ಮೇಲೆ ಇಡುತ್ತಿದ್ದರು. ಅದೆಂತ ಎಂದು ಲವೀನಾಳಿಗೆ ತಿಳಿಯಲಿಲ್ಲ. ಅಮ್ಮನಿಗೆ ಸೆಕೆ ಆಗುತ್ತದೋ ಏನೋ ಎಂದು ಫ್ಯಾನು ಜೋರು ಮಾಡುತ್ತಿದ್ದಳು. ನಾನು ಮಾತ್ರ ಬೇಕೆಂದೇ ಎರಡೂ ಅಂಗೈ ಮೇಜಿನ ಮೇಲೆ ಚಾಚಿ ಇಡುತ್ತಿದ್ದೆ, ಬನ್ನಿ ನೋಡುವ ಎಂದು.

ನಾಲ್ಕು ಸರಿ ಬಂತು, ಒಂದು ವಾರ ಎರಡಕ್ಕೆ ಇಳಿಯಿತು, ಆಮೇಲೆ ಐದು. ಸರಿಯಾದಾಗ ನಾನು ಊಟ ಬಡಿಸಿ ಎನ್ನಲಿಲ್ಲ. ಅವರಿಗೆ ಆಸೆ ಇತ್ತೆಂದು ಗೊತ್ತಿತ್ತು, ಆದರೂ ಹೇಳಲಿಲ್ಲ. ತಪ್ಪಾದದ್ದನ್ನು ಮಾತ್ರ ಒಂದೊಂದಾಗಿ ಎತ್ತಿ ಅವರ ಮೂಗಿನ ಎದುರು ಹಿಡಿಯುತ್ತಿದ್ದೆ. ಮಾತು ಕಲಿಸುವ ಡಾಕ್ಟರಮ್ಮ ಒಮ್ಮೆ ಬಂದು ನೋಡಿ, ನಿಮಗೆ ಬಹಳ ತಾಳ್ಮೆ ಉಂಟು ಆಂಟಿ, ಮನೆಯವರೂ ಇಷ್ಟು ಮಾಡುವುದಿಲ್ಲ ಎಂದಳು. ತಾಳ್ಮೆ ಅಲ್ಲ ಅದು. ಏನೆಂದು ಟೀಚರಿಗೆ ಗೊತ್ತಿತ್ತು.

ಆರನೆಯ ವಾರದ ಹೊತ್ತಿಗೆ ಅವರ ಬಾಯಿಂದ ಬೇರೆ ಪದಗಳು ಬರತೊಡಗಿದವು. ಮೊದಲು ಮಗಳ ಹೆಸರು. ಆಮೇಲೆ ನೀರು, ಕಿಟಕಿ, ಸಾಕು. ನನ್ನನ್ನು ಕಂಡಾಗ ಹೇಳುತ್ತಿದ್ದದ್ದು ಸಾಕು ಎಂಬ ಪದವನ್ನು. ಒಂಬತ್ತನೆಯ ಬುಧವಾರ ಏಳು ಜೋಡಿ ಸರಿ ಬಂತು. ಇನ್ನು ಮೂರೇ ಟೀಚರ್, ತಯಾರಾಗಿರಿ ಎಂದು ಹೇಳಿ ಬಂದೆ. ಅವರು ಮುಖ ಗೋಡೆಯ ಕಡೆಗೆ ತಿರುಗಿಸಿದರು. ಬಸ್ಸಿನಲ್ಲಿ ಬರುವಾಗ ಮುಂದಿನ ವಾರದ ಪದ ಯಾವುದೆಂದು ಯೋಚಿಸುತ್ತಾ ನಾನು ಇಳಿಯುವ ಸ್ಟಾಪು ತಪ್ಪಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಇನ್ನೊಂದು ಸ್ಟ್ರೋಕ್ ಆಯಿತು. ಮಧ್ಯಾಹ್ನದೊಳಗೆ ಹೋದರು.

ಬುಧವಾರವೇ ಕಾರ್ಕಳದಲ್ಲಿ ಮಣ್ಣು. ಮನೆಯಲ್ಲಿ ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ಬಿಳಿಯ ಸೀರೆ ಉಡಿಸಿದ್ದರು, ನೆರಿಗೆ ಸರಿಯಾಗಿತ್ತು, ಬೆರಳುಗಳಿಗೆ ಜಪಮಾಲೆ ಸುತ್ತಿತ್ತು. ಗಿರಿಜ ಮತ್ತು ಐದಾರು ಮಂದಿ ಹಳೆಯ ಹುಡುಗಿಯರು ಗೋಡೆಗೆ ಒರಗಿ ಅಳುತ್ತಿದ್ದರು. ನಾನು ಹತ್ತಿರ ಹೋಗಿ ಆ ತುಟಿಯನ್ನು ನೋಡಿದೆ. ಒಳಗೆ ಎಳೆದು ಹಿಡಿದ ಹಾಗೆಯೇ ಇತ್ತು. ನನಗೆ ಕೊಡದೆ ಹೋದದ್ದನ್ನು ಅಲ್ಲೇ ಕಚ್ಚಿಕೊಂಡು ಹೋದ ಹಾಗೆ.

ಲವೀನಾ ಬಂದು ನನ್ನ ಕೈ ಹಿಡಿದಳು. ಚೀಲದ ಬಾಯಿಂದ ಗುಲಾಬಿ ಕಾಗದದ ತುದಿ ಹೊರಗೆ ಕಾಣುತ್ತಿತ್ತು. ಬುಧವಾರಕ್ಕೆಂದು ಭಾನುವಾರವೇ ಕತ್ತರಿಸಿ ಇಟ್ಟದ್ದು.

"ಆಂಟಿ, ಅದನ್ನು ಅಮ್ಮನ ಕೈಯ ಹತ್ತಿರ ಇಡ್ತೀರಾ? ಅಮ್ಮನಿಗೆ ನಿಮ್ಮ ಚೀಟಿ ಅಂದ್ರೆ ಜೀವ ಇತ್ತು."

"ಇಲ್ಲ ಮಗಾ. ಅಮ್ಮ ಏಳರಲ್ಲೇ ನಿಂತದ್ದು. ಹತ್ತು ಆಗದೆ ಬಿಟ್ಟುಕೊಡುವ ಕ್ರಮ ಇಲ್ಲ."

ಅಳುತ್ತಿದ್ದವಳು ನಕ್ಕುಬಿಟ್ಟಳು, ನನ್ನ ಹೆಗಲಿಗೆ ತಲೆ ಇಟ್ಟಳು. ಸುತ್ತ ಇದ್ದವರೂ ನಾನು ತಮಾಷೆ ಮಾಡಿದೆನೆಂದು ಒದ್ದೆ ಕಣ್ಣಿನಲ್ಲಿ ನಕ್ಕರು. ನಾನು ತಮಾಷೆ ಮಾಡಿದ್ದಲ್ಲ. ಚೀಲದ ಬಾಯಿಯನ್ನು ಗಂಟು ಹಾಕಿ, ತೋಳಿನ ಕೆಳಗೆ ಬಿಗಿಯಾಗಿ ಹಿಡಿದುಕೊಂಡು, ಪೆಟ್ಟಿಗೆಯ ಹಿಂದೆ ಇಗರ್ಜಿಯವರೆಗೂ ನಡೆದೆ. ಆ ಇಪ್ಪತ್ತು ಚೀಟಿ ಈಗಲೂ ನನ್ನ ಹತ್ತಿರವೇ ಉಂಟು. ಬೇಕಾದರೆ ಅವರೇ ಬಂದು ಕೇಳಲಿ, ಬಾಯಿ ಬಿಟ್ಟು.